ಬಿಡುವುದು ಬೇರೆ, ಮರಳಿಸುವುದು ಬೇರೆ

ಬಿಹಾರದ ರುದುಲ್ ಸಾಹ ಎಂಬಾತನ ಹೆಸರು ಕಾನೂನು ಓದಿದವರಿಗೆಲ್ಲ ಪರಿಚಿತವಾದುದು. ಮುಜಫ್ಫರಪುರದ ಸೆಷನ್ಸ್ ನ್ಯಾಯಾಲಯವು 1968ರ ಜೂನ್ 3ರಂದು ಆತನನ್ನು ನಿರ್ದೋಷಿಯೆಂದು ಘೋಷಿಸಿತು. ಆತ ಸೆರೆಮನೆಯ ಬಾಗಿಲು ದಾಟಿದ್ದು 1982ರ ಅಕ್ಟೋಬರ್ 16ರಂದು. ನಡುವಣ ಹದಿನಾಲ್ಕು ವರ್ಷಗಳಿಗೆ ಸರ್ಕಾರ ಕೊಟ್ಟ ಸಮಜಾಯಿಷಿ ಒಂದೇ: ಅವನ ಚಿತ್ತ ಸ್ವಸ್ಥವಾಗಿರಲಿಲ್ಲ. ಆ ಮಾತನ್ನು ಸಮರ್ಥಿಸುವ ವೈದ್ಯಕೀಯ ದಾಖಲೆಗಳನ್ನು ಮಾತ್ರ ಅದು ನ್ಯಾಯಾಲಯದ ಮುಂದಿಡಲಾಗಲಿಲ್ಲ. 1977ರ ಫೆಬ್ರುವರಿಯಲ್ಲಿಯೇ ಸಿವಿಲ್ ಸರ್ಜನ್ ಅವನನ್ನು ಸ್ವಸ್ಥನೆಂದು ವರದಿ ಮಾಡಿದ್ದರೂ ಆ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿದು ಫಲ ಕೊಡಲು ಮತ್ತೆ ಐದು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. 1983ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯವು, ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದಲ್ಲಿ, ಅವನಿಗೆ ಮೂವತ್ತು ಸಾವಿರ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪ್ರಭುತ್ವವೇ ಹಣ ತೆರಬೇಕೆಂಬ ತತ್ತ್ವ ನಮ್ಮ ನ್ಯಾಯಶಾಸ್ತ್ರದಲ್ಲಿ ನೆಲೆಗೊಂಡದ್ದು ಈ ತೀರ್ಪಿನಿಂದ.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಆ ಅರ್ಜಿಯಲ್ಲಿ ಬಿಡುಗಡೆಯ ಜೊತೆಗೆ ಬೇರೆ ಮೂರು ಬೇಡಿಕೆಗಳಿದ್ದವು: ಪುನರ್ವಸತಿ, ಮುಂದೆ ಆಗಬಹುದಾದ ಚಿಕಿತ್ಸೆಯ ವೆಚ್ಚ, ಅಕ್ರಮ ಬಂಧನಕ್ಕೆ ಪರಿಹಾರ. ಮೂರನೆಯದು ಇತಿಹಾಸವಾಯಿತು. ಮೊದಲ ಎರಡನ್ನು ಇಂದು ಯಾರೂ ಉಲ್ಲೇಖಿಸುವುದಿಲ್ಲ. ಅರ್ಜಿದಾರನಿಗೆ ತನಗೇನು ಬೇಕೆಂಬುದು ಚೆನ್ನಾಗಿ ತಿಳಿದಿತ್ತೆಂದೇ ನನ್ನ ಭಾವನೆ. ಅವನು ಹಣವನ್ನು ಕೊನೆಯಲ್ಲಿ ಕೇಳಿದ್ದ.

ಕನ್ನಡದ ‘ಬಿಡುಗಡೆ’ ಎಂಬ ಶಬ್ದ ‘ಬಿಡು’ ಧಾತುವಿನಿಂದ ಬಂದದ್ದು. ಹಿಡಿದದ್ದನ್ನು ಬಿಡುವುದು, ಅಷ್ಟೇ. ಬಿಟ್ಟ ಮೇಲೆ ಏನಾಯಿತೆಂಬುದನ್ನು ಆ ಶಬ್ದ ಕೇಳುವುದಿಲ್ಲ. ನಮ್ಮ ವೀರಗಲ್ಲುಗಳ ಭಾಷೆ ಇದಕ್ಕಿಂತ ಹೆಚ್ಚು ಜವಾಬ್ದಾರಿಯದು. ತುರುಗೋಳಿನಲ್ಲಿ, ಪೆಣ್ಬುಯ್ಯಲಿನಲ್ಲಿ ಮಡಿದವರ ಶಾಸನಗಳಲ್ಲಿ ‘ಮಗುಳ್ಚು’ ಎಂಬ ಕ್ರಿಯಾಪದ ಮತ್ತೆಮತ್ತೆ ಬರುತ್ತದೆ. ಮಗುಳ್ ಎಂದರೆ ಹಿಂದಿರುಗು, ಮಗುಳ್ಚು ಎಂದರೆ ಹಿಂದಿರುಗಿಸು. ಕಳ್ಳರ ಕೈಯಿಂದ ದನವನ್ನು ಕಸಿದು ಕಾಡಿನಲ್ಲಿ ಬಿಟ್ಟು ಬಂದವನಿಗೆ ಊರವರು ಕಲ್ಲು ನಿಲ್ಲಿಸಲಿಲ್ಲ. ಅದನ್ನು ಹಟ್ಟಿಗೆ ತಂದು ಸೇರಿಸಿದವನಿಗೆ, ತರಲು ಹೋಗಿ ಸತ್ತವನಿಗೆ ನಿಲ್ಲಿಸಿದರು. ಸೆರೆಯಿಂದ ಹೊರಬರುವ ಮನೋರೋಗಿಯ ವಿಷಯದಲ್ಲಿ ನಮ್ಮ ಪ್ರಭುತ್ವಕ್ಕೆ ಬಿಡುವುದು ಗೊತ್ತಿದೆ, ಮಗುಳ್ಚುವುದು ಗೊತ್ತಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ರುದುಲ್ ಸಾಹನ ಪ್ರಕರಣ ಒಂಟಿಯಾದುದಲ್ಲ. ಅದೇ 1982ರಲ್ಲಿ ಹಜಾರಿಬಾಗ್ ಸೆರೆಮನೆಯಲ್ಲಿ ಚಿತ್ತವೈಕಲ್ಯದ ಹೆಸರಿನಲ್ಲಿ ದಶಕಗಳ ಕಾಲ ಕೊಳೆಯುತ್ತಿದ್ದ ಬಂದಿಗಳ ಬಗ್ಗೆ ಬಂದ ಪತ್ರವೊಂದನ್ನೇ ಅರ್ಜಿಯೆಂದು ಭಾವಿಸಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆ ನಡೆಸಿತು. ವೀಣಾ ಸೇಥಿ ಪ್ರಕರಣವೆಂದು ಅದು ಪ್ರಸಿದ್ಧ. ಗುಣಮುಖರಾದ ಮೇಲೂ ಅನೇಕ ವರ್ಷ ಒಳಗೇ ಉಳಿದಿದ್ದವರನ್ನು ಬಿಡುವಂತೆ ಆಜ್ಞಾಪಿಸುವಾಗ ನ್ಯಾಯಾಲಯವು ಅವರ ಊರಿನ ಪ್ರಯಾಣದ ವೆಚ್ಚವನ್ನೂ ಒಂದು ವಾರದ ಜೀವನಕ್ಕೆ ಬೇಕಾದ ಹಣವನ್ನೂ ಕೊಡಬೇಕೆಂದು ಹೇಳಿತು. ಆ ಒಂದು ವಾರದ ಲೆಕ್ಕ ನನ್ನನ್ನು ಬಹಳ ಕಾಲ ಕಾಡಿದೆ. ನ್ಯಾಯಮೂರ್ತಿಗಳ ಕರುಣೆಯಲ್ಲಿ ಸಂದೇಹವಿಲ್ಲ. ಎಂಟನೆಯ ದಿನದ ಹೊಣೆ ಯಾರದೆಂಬುದು ಮಾತ್ರ ಆಗಲೂ ತೀರ್ಮಾನವಾಗಲಿಲ್ಲ, ಇಂದಿಗೂ ಆಗಿಲ್ಲ.

ಅಸ್ಸಾಮಿನ ಮಚಾಂಗ್ ಲಾಲುಂಗರ ಕಥೆ ಇನ್ನೂ ಕ್ರೂರವಾದುದು. ತಿವಾ ಸಮುದಾಯದ ಈ ವ್ಯಕ್ತಿಯನ್ನು 1951ರಲ್ಲಿ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1967ರಲ್ಲಿ ಆಸ್ಪತ್ರೆಯವರು ಇವರು ಸ್ವಸ್ಥರೆಂದು ಬರೆದುಕೊಟ್ಟರು. ಮನೆಗೆ ಹೋಗಬೇಕಾಗಿದ್ದ ಮನುಷ್ಯ ಗುವಾಹಾಟಿಯ ಸೆರೆಮನೆಗೆ ಹೋದರು. ವಿಚಾರಣೆಯೇ ನಡೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೈಹಾಕಿದ ಮೇಲೆ 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರನ್ನು ಬಿಟ್ಟರು. ಆಗ ಅವರಿಗೆ ಎಪ್ಪತ್ತೇಳು ವರ್ಷ, ಒಳಗೆ ಕಳೆದದ್ದು ಐವತ್ನಾಲ್ಕು ವರ್ಷ. ಮೋರಿಗಾಂವ್ ಜಿಲ್ಲೆಯ ತಮ್ಮ ಹಳ್ಳಿಗೆ ಮರಳಿದ ಅವರು 2007ರಲ್ಲಿ ತೀರಿಕೊಂಡರು. ಐವತ್ನಾಲ್ಕು ವರ್ಷಗಳಿಂದ ಬಿಡಿಸಲಾಗದಿದ್ದ ಗಂಟನ್ನು ಒಂದು ರೂಪಾಯಿಯ ಕಾಗದ ಬಿಡಿಸಿತೆಂದರೆ, ಗಂಟು ಎಲ್ಲಿತ್ತೆಂದು ಕೇಳಿಕೊಳ್ಳಬೇಕು. ಅವರನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಅವರಿದ್ದ ತಪ್ಪು ಇದಿಷ್ಟೇ.

ಇದು ಹಳೆಯ ಕಾಲದ ಮಾತು, ಈಗ ಕಾನೂನು ಬದಲಾಗಿದೆ ಎನ್ನುವವರಿದ್ದಾರೆ. ಬದಲಾಗಿರುವುದು ನಿಜ. ಅಪರಾಧವೆಸಗದ ಮನೋರೋಗಿಗಳನ್ನು ಸೆರೆಮನೆಗೆ ದೂಡುವುದು ಸಂವಿಧಾನಬಾಹಿರವೆಂದು 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೆಯ ಪ್ರಕರಣವು ಸಮಾಜದ ನಡುವೆ ಬಾಳುವುದನ್ನು ಮನೋರೋಗಿಯ ಹಕ್ಕೆಂದು ಸಾರುತ್ತದೆ. ಮನೆಯವರು ಒಲ್ಲರೆಂಬ ಕಾರಣಕ್ಕೆ, ಮನೆಯೇ ಇಲ್ಲವೆಂಬ ಕಾರಣಕ್ಕೆ ಒಬ್ಬನನ್ನು ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದೂ, ನಡುದಾರಿಯ ಮನೆಗಳನ್ನೂ ಸಮೂಹವಾಸದ ಮನೆಗಳನ್ನೂ ಸರ್ಕಾರವೇ ಒದಗಿಸಬೇಕೆಂದೂ ಅಲ್ಲಿ ಸ್ಪಷ್ಟವಾಗಿದೆ. ಓದಲು ಸಂತೋಷವಾಗುವಂಥ ಕಾಯಿದೆ.

ಅದೇ ಕಾಯಿದೆಯ 103ನೆಯ ಪ್ರಕರಣಕ್ಕೆ ಬಂದರೆ ಸಂತೋಷ ಸ್ವಲ್ಪ ಇಳಿಯುತ್ತದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಆರೋಗ್ಯ ಕೇಂದ್ರವಿರಬೇಕೆಂದು ಅದು ವಿಧಿಸುತ್ತದೆ. ಒಳ್ಳೆಯದೇ. ಆದರೆ ಸೆರೆಮನೆಯ ವೈದ್ಯಾಧಿಕಾರಿಯು ಮೂರು ತಿಂಗಳಿಗೊಮ್ಮೆ, ತನ್ನ ಸೆರೆಮನೆಯಲ್ಲಿ ಮನೋರೋಗವುಳ್ಳ ಬಂದಿಗಳು ಯಾರೂ ಇಲ್ಲವೆಂದು ದೃಢೀಕರಿಸಿ ವರದಿ ಕಳುಹಿಸಬೇಕೆಂದೂ ಅಲ್ಲಿಯೇ ಹೇಳಿದೆ. ಇದ್ದಾರೆಂದು ಬರೆಯುವುದಕ್ಕಲ್ಲ, ಇಲ್ಲವೆಂದು ಬರೆಯುವುದಕ್ಕೆ ಇರುವ ವರದಿ! ಇದನ್ನು ರಚಿಸಿದವರು ಯಾವ ಸೆರೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ತಿಳಿಯದು. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ನಿಮ್ಹಾನ್ಸ್ ವೈದ್ಯರು 5024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮದ್ಯ ಮತ್ತು ಮಾದಕ ವಸ್ತುಗಳ ಚಟವನ್ನು ಬದಿಗಿಟ್ಟು ನೋಡಿದರೂ ಶೇಕಡಾ 27.6ರಷ್ಟು ಮಂದಿಯಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆಯಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಇವರೆಲ್ಲ ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ಹೇಗೆ ಬರುತ್ತಾರೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅನರ್ಥದ ಮೂಲ ಅಲ್ಲಿದೆ. ನಮ್ಮ ದೇಶದ ಸೆರೆಮನೆಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಶಿಕ್ಷೆಗೊಳಗಾದವನ ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತದೆ. ಬೇಕೆಂದರೆ ಸಿದ್ಧತೆ ಮಾಡಬಹುದು. ವಿಚಾರಣಾಧೀನನ ದಿನ ಯಾರಿಗೂ ಗೊತ್ತಿಲ್ಲ. ಎಲ್ಲಿಯೋ ಒಂದು ನ್ಯಾಯಾಲಯದಲ್ಲಿ ಮಧ್ಯಾಹ್ನ ಜಾಮೀನು ದೊರೆಯುತ್ತದೆ, ಸಂಜೆಗೆ ಆದೇಶ ಸೆರೆಮನೆಗೆ ತಲುಪುತ್ತದೆ, ರಾತ್ರಿ ಬಾಗಿಲು ತೆರೆಯುತ್ತದೆ. ಮನೋವೈದ್ಯರು ಬರುವುದು ವಾರಕ್ಕೊಮ್ಮೆಯಾದರೆ ಅವರಿಗೆ ವಿಷಯ ತಿಳಿಯುವುದು ಮುಂದಿನ ವಾರ, ಹೆಸರು ಕರೆದಾಗ ಉತ್ತರ ಬಾರದಿದ್ದಾಗ. ಮಾತ್ರೆಯ ಪಟ್ಟಿ ಒಳಗಿನ ಔಷಧಾಲಯದಲ್ಲಿ, ಚೀಟಿ ಕಡತದಲ್ಲಿ, ಮನುಷ್ಯ ಬಸ್ ನಿಲ್ದಾಣದಲ್ಲಿ.

ಕಾಯಿದೆಯ 98ನೆಯ ಪ್ರಕರಣದಲ್ಲಿ ರೋಗಿಯನ್ನು ಹೊರಗೆ ಕಳುಹಿಸುವ ಮೊದಲು ಮುಂದಿನ ಚಿಕಿತ್ಸೆಯ ಯೋಜನೆ ಸಿದ್ಧವಾಗಿರಬೇಕೆಂದು ಹೇಳಿದೆ. ಅದು ಅನ್ವಯಿಸುವುದು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿಗೆ. ಬ್ಯಾರಕ್ಕಿನಲ್ಲಿಯೇ ಇದ್ದುಕೊಂಡು ದಿನಕ್ಕೆರಡು ಮಾತ್ರೆ ನುಂಗುತ್ತಿರುವವನು ಆ ರಕ್ಷಣೆಯ ಹೊರಗೆ ಉಳಿಯುತ್ತಾನೆ, ಮತ್ತು ಅಂಥವರ ಸಂಖ್ಯೆಯೇ ದೊಡ್ಡದು. ತೀವ್ರ ಮನೋರೋಗದ ಔಷಧಗಳನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ. ಲಿಥಿಯಂ ಸೇವಿಸುವವರಿಗಂತೂ ಆಗಾಗ ರಕ್ತಪರೀಕ್ಷೆಯೂ ಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಯಿಂದ ಹೊರಬಂದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಅಲ್ಲಿನ ಮಾದಕ ವಸ್ತುಗಳ ಪಿಡುಗು ಬೇರೆ ಬಗೆಯದು, ಅಂಕಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೆ ಬಾಗಿಲು ದಾಟಿದ ಮೊದಲ ದಿನಗಳೇ ಅತ್ಯಂತ ದುರ್ಬಲವಾದವೆಂಬ ಮಾತಿಗೆ ದೇಶಭೇದವಿಲ್ಲ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಮಗನ ಬಿಡುಗಡೆಯ ಕಾಗದಗಳನ್ನು ಓದಿಸಿಕೊಳ್ಳಲು ನಮ್ಮ ಕಾಲೇಜಿಗೆ ಬಂದಿದ್ದರು. ಅಧ್ಯಾಪಕರೆಂದರೆ ಎಲ್ಲವನ್ನೂ ಓದಬಲ್ಲವರೆಂಬ ನಂಬಿಕೆ ಸಣ್ಣ ಊರುಗಳಲ್ಲಿ ಇನ್ನೂ ಉಳಿದಿದೆ. ನ್ಯಾಯಾಲಯದ ಆದೇಶ ಕನ್ನಡದಲ್ಲಿಯೇ ಇತ್ತು. ಔಷಧದ ಚೀಟಿ ಇಂಗ್ಲಿಷಿನಲ್ಲಿ, ಅದೂ ಸಂಕ್ಷೇಪಾಕ್ಷರಗಳಲ್ಲಿ. ‘ಎಚ್.ಎಸ್.’ ಎಂದರೆ ಮಲಗುವ ಹೊತ್ತಿಗೆ ಎಂದು ನನಗೂ ಔಷಧದ ಅಂಗಡಿಯವನನ್ನು ಕೇಳಿಯೇ ತಿಳಿಯಿತು. ಆ ತಾಯಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹಂಚಿ ಕೊಡುತ್ತಿದ್ದ ಮಾತ್ರೆಯಿಂದ ಹುಡುಗ ಹಗಲೆಲ್ಲ ತೂಕಡಿಸುತ್ತಿದ್ದ. ಸೋಮಾರಿಯೆಂದು ಬೈಗುಳ ತಿಂದು, ಗಾರೆ ಕೆಲಸದಿಂದ ಒಂದೇ ವಾರದಲ್ಲಿ ಹೊರಬಿದ್ದಿದ್ದ. ಕನ್ನಡದ ಅನುಷ್ಠಾನದ ಬಗ್ಗೆ ನಾವು ಸಭೆಗಳಲ್ಲಿ ಬಹಳ ಮಾತಾಡುತ್ತೇವೆ, ನಾಮಫಲಕಗಳ ಅಕ್ಷರದ ಅಳತೆಯ ಬಗ್ಗೆ ಹೋರಾಡುತ್ತೇವೆ. ಮಾತ್ರೆಯ ಚೀಟಿಯ ಹಿಂಬದಿಯಲ್ಲಿ ‘ರಾತ್ರಿ ಊಟವಾದ ಮೇಲೆ ಒಂದು’ ಎಂದು ಬರೆಯುವಷ್ಟು ಕನ್ನಡ ಸಿಕ್ಕಿದ್ದರೆ ಆ ಹುಡುಗನ ಕೆಲಸ ಉಳಿಯುತ್ತಿತ್ತು.

ಭಾಷೆಯ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ನಮ್ಮ ಪತ್ರಿಕೆಗಳು ‘ಬುದ್ಧಿಮಾಂದ್ಯ’ವನ್ನೂ ‘ಮಾನಸಿಕ ಅಸ್ವಸ್ಥತೆ’ಯನ್ನೂ ಒಂದೇ ವಾಕ್ಯದಲ್ಲಿ ಪರ್ಯಾಯಪದಗಳಂತೆ ಬಳಸುತ್ತವೆ. ಮೊದಲನೆಯದು ಬೆಳವಣಿಗೆಗೆ ಸಂಬಂಧಿಸಿದ್ದು, 2017ರ ಕಾಯಿದೆ ಅದನ್ನು ಮನೋರೋಗದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಎರಡನೆಯದು ಬಂದು ಹೋಗಬಲ್ಲದ್ದು, ಔಷಧದಿಂದ ಹತೋಟಿಗೆ ಬರುವಂಥದ್ದು. ಈ ಗೊಂದಲ ವ್ಯಾಕರಣದ ತಪ್ಪಾಗಿ ಮಾತ್ರ ಉಳಿಯುವುದಿಲ್ಲ. ‘ಹುಟ್ಟಾ ಹಾಗೆಯೇ’ ಎಂದು ಒಮ್ಮೆ ಊರು ತೀರ್ಮಾನಿಸಿದರೆ ಗುಣವಾಗಿ ಬಂದವನನ್ನು ಅದು ಗುಣವಾದವನೆಂದು ನಂಬುವುದೇ ಇಲ್ಲ.

ಊರಿನ ವಿಷಯದಲ್ಲಿ ನಾನು ಉಪದೇಶ ಮಾಡಲಾರೆ. ಮನೆಯವರು ನಿರ್ದಯಿಗಳು, ನೆರೆಯವರು ಅಜ್ಞಾನಿಗಳು ಎಂದು ಬರೆಯುವುದು ಸುಲಭ. ಆದರೆ ಕಾಯಿಲೆಯ ಭರದಲ್ಲಿ ಕೈಯೆತ್ತಿದ್ದು ಅನೇಕ ವೇಳೆ ಮನೆಯವರ ಮೇಲೆಯೇ. ಪೆಟ್ಟು ತಿಂದ ಹೆಂಡತಿ, ಅಣ್ಣನನ್ನು ಕಳೆದುಕೊಂಡ ತಂಗಿ, ಅದೇ ಸೂರಿನ ಕೆಳಗೆ ಅವನನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಹೇಳಲು ನಮಗೆ ಯಾವ ಅಧಿಕಾರವಿದೆ? ಅವರ ಭಯ ಮೂಢನಂಬಿಕೆಯಲ್ಲ. ಇನ್ನು ಸೆರೆಗೆ ಹೋದವಳು ಹೆಣ್ಣಾಗಿದ್ದರೆ ತವರು, ಅತ್ತೆಮನೆ ಎರಡೂ ಬಾಗಿಲು ಮುಚ್ಚುವುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಹೀಗಿರುವಾಗ ಕಾನೂನು ಮಾತ್ರ ಇಂದಿಗೂ ಬಂಧುವನ್ನೇ ಹುಡುಕುತ್ತದೆ. ಕೃತ್ಯದ ವೇಳೆ ಚಿತ್ತ ಸ್ವಾಧೀನದಲ್ಲಿರಲಿಲ್ಲವೆಂದು ಸಾಬೀತಾದರೆ ಆರೋಪಿ ನಿರ್ದೋಷಿ. ಹಿಂದಿನ ದಂಡಸಂಹಿತೆಯ 84ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೆಯದು ಇದನ್ನು ಹೇಳುತ್ತದೆ. ಆದರೆ ಹಾಗೆ ನಿರ್ದೋಷಿಯಾದವನನ್ನು ಸುರಕ್ಷಿತ ವಶದಲ್ಲಿಡಬೇಕು, ಇಲ್ಲವೇ ಭದ್ರತೆ ಬರೆದುಕೊಡುವ ಬಂಧುವಿಗೋ ಸ್ನೇಹಿತನಿಗೋ ಒಪ್ಪಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 374ನೆಯ ಕಲಮಿನಲ್ಲಿಯೂ ಹಳೆಯ 335ನೆಯದರ ಈ ವ್ಯವಸ್ಥೆ ಮುಂದುವರಿದಿದೆ. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಒಂದು ಮಟ್ಟದ ಎಚ್ಚರ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಬಂಧುವಿಲ್ಲದವನ ಗತಿಯೇನು? ಮಚಾಂಗ್ ಲಾಲುಂಗರಿಗೆ ಒದಗಿದ್ದು ಇದೇ ಗತಿ.

ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಬಗೆಬಗೆಯ ದಂಡನೆಗಳನ್ನು ಉಂಡೂ ಆ ಕಳ್ಳ ಹೊಸ ಬಾಳಿಗೆ ಹೊರಳಿದ. ನಾವು ತರಗತಿಯಲ್ಲಿ ಅದನ್ನು ಮನಃಪರಿವರ್ತನೆಯ ಕಥೆಯಾಗಿ ಪಾಠ ಮಾಡುತ್ತೇವೆ. ಅವನು ರಾಜಪುತ್ರನಾಗಿದ್ದ, ಹಿಂದಿರುಗಲು ಒಂದು ಪಟ್ಟಣವಿತ್ತು, ಅವನನ್ನು ಹಿಡಿಯಬೇಕಾಗಿದ್ದ ತಳಾರ ಯಮದಂಡ ಬಾಲ್ಯದ ಗೆಳೆಯನಾಗಿದ್ದ ಎಂಬುದನ್ನು ಒತ್ತಿ ಹೇಳುವುದಿಲ್ಲ.

ಊರೂ ಬೇಡ, ಸೆರೆಯೂ ಬೇಡವೆಂಬಲ್ಲಿ ಮೂರನೆಯ ಸ್ಥಳವೊಂದು ಬೇಕು. ಅದು ಅಸಾಧ್ಯವಾದ ಕನಸಲ್ಲ. ಬೆಂಗಳೂರಿನ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಶನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿಗಳು ದಶಕಗಳಿಂದ ನಡುದಾರಿಯ ಮನೆಗಳನ್ನು ನಡೆಸಿವೆ. ಚೆನ್ನೈಯಲ್ಲಿ 1993ರಲ್ಲಿ ಆರಂಭವಾದ ಬ್ಯಾನಿಯನ್ ಸಂಸ್ಥೆ, ಬೀದಿಪಾಲಾದ ಮನೋರೋಗಿ ಮಹಿಳೆಯರನ್ನು ಮೊದಲು ಗುಣಪಡಿಸಿ, ಆಮೇಲೆ ನಾಲ್ಕಾರು ಮಂದಿ ಸೇರಿ ಬಾಡಿಗೆಯ ಮನೆಯಲ್ಲಿ ಸಾಮಾನ್ಯ ಬೀದಿಯೊಂದರಲ್ಲಿ ಬಾಳುವ ಕ್ರಮವನ್ನು ರೂಪಿಸಿತು. ಬೀದಿಯಲ್ಲಿ ಅಲೆಯುವ ರೋಗಿಗಳನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಅವರ ಬಾಯಿಂದಲೇ ಊರಿನ ಹೆಸರು ತಿಳಿದು ಮನೆಗೆ ತಲುಪಿಸುವ ಕೆಲಸಕ್ಕಾಗಿ ಭರತ್ ವಾಟ್ವಾನಿಯವರು 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇದಕ್ಕೆ ‘ಮಗುಳ್ಚುವುದು’ ಎಂಬ ಹಳಗನ್ನಡದ ಮಾತು ಅಕ್ಷರಶಃ ಒಪ್ಪುತ್ತದೆ. ಆದರೆ ಇಂಥ ಮನೆಗಳು ಬೆರಳೆಣಿಕೆಯವು, ಹೆಚ್ಚಿನವು ದೊಡ್ಡ ನಗರಗಳಲ್ಲಿ. ಪ್ರವೇಶದ ಅರ್ಜಿಯೊಡನೆ ಮೊಕದ್ದಮೆಯ ಕಾಗದವೂ ಬಂದರೆ ಒಳ್ಳೆಯ ಮನಸ್ಸಿನವರೂ ಹಿಂದೆಮುಂದೆ ನೋಡುವುದು ಸಹಜ. ಆ ಹಿಂಜರಿಕೆಯನ್ನು ದಾಟಿಸಬೇಕಾದರೆ ಸರ್ಕಾರದ ಹಣವೂ ಬೇಕು, ಸರ್ಕಾರದ ಹೊಣೆಯ ಮಾತೂ ಬೇಕು.

ಪ್ರಾಮಾಣಿಕರಾಗಿ ಬಾಳುವ ಬಡವರಿಗೇ ಇಲ್ಲದ ಸೌಲಭ್ಯ ಸೆರೆಯಿಂದ ಬಂದವರಿಗೇಕೆ ಎಂಬ ಪ್ರಶ್ನೆ ಏಳುತ್ತದೆ. ಕಟುವಾದರೂ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ, ನಾನು ಕೇಳುತ್ತಿರುವುದರಲ್ಲಿ ಬಹುಪಾಲು ಎಲ್ಲ ಬಡವರಿಗೂ ಈಗಾಗಲೇ ಹಕ್ಕಾಗಿರುವಂಥದ್ದು ಎಂಬುದೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಊರಿನಲ್ಲಿಯೇ ಔಷಧ ದೊರೆಯುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಬಳ್ಳಾರಿಯೇ ಮಾದರಿ. ಮಾತ್ರೆ ಜಿಲ್ಲೆಯಲ್ಲಿದೆ, ಕೈಗೆ ಸಿಕ್ಕುವುದೂ ಉಚಿತವಾಗಿಯೇ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮನೋರೋಗವೂ ಸೇರಿರುವುದರಿಂದ ಪ್ರಮಾಣಪತ್ರ ಪಡೆದವನಿಗೆ ಮಾಸಾಶನದ ದಾರಿಯೂ ಇದೆ. ಕರೆ ಮಾಡಿ ಮಾತಾಡಲು 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯಿದೆ. ಕೊರತೆಯಿರುವುದು ಒಳಗಿನ ವೈದ್ಯರಿಂದ ಹೊರಗಿನ ವೈದ್ಯರಿಗೆ ಹೋಗಬೇಕಾದ ಒಂದು ಪತ್ರಕ್ಕೆ, ಆ ಪತ್ರವನ್ನು ಹಿಂಬಾಲಿಸುವ ಒಬ್ಬ ಮನುಷ್ಯನಿಗೆ.

ಆದ್ದರಿಂದ ಬಿಡುಗಡೆಯ ಸಿದ್ಧತೆ ಬಿಡುಗಡೆಯ ದಿನಕ್ಕೆ ಕಾಯಬಾರದು. ವಿಚಾರಣಾಧೀನನ ಕಾಯಿಲೆ ಗುರುತಾದ ದಿನವೇ ಅವನ ಹೆಸರಿನಲ್ಲೊಂದು ಲಕೋಟೆ ಸಿದ್ಧವಾಗಲಿ: ಕನ್ನಡದಲ್ಲಿ ಬರೆದ ಔಷಧದ ವಿವರ, ಅವನ ಜಿಲ್ಲೆಯ ಮಾನಸಿಕ ಆರೋಗ್ಯ ತಂಡಕ್ಕೊಂದು ಪತ್ರ, ಆಧಾರ್ ಮೊದಲಾದ ಗುರುತಿನ ಕಾಗದಗಳ ಪ್ರತಿ. ಜಾಮೀನು ರಾತ್ರಿಯೇ ಬರಲಿ, ಬಾಗಿಲಲ್ಲಿರುವ ಸಿಬ್ಬಂದಿ ಆ ಲಕೋಟೆಯನ್ನೂ ಒಂದು ತಿಂಗಳ ಮಾತ್ರೆಯನ್ನೂ ಕೈಗಿಟ್ಟು ಕಳುಹಿಸಲಿ. ಸೆರೆಮನೆಯ ಪುಸ್ತಕದಲ್ಲಿ ಬಿಡುಗಡೆಯ ದಿನಾಂಕದ ಪಕ್ಕದಲ್ಲಿ, ಅವನು ತನ್ನ ಜಿಲ್ಲೆಯ ವೈದ್ಯರನ್ನು ಮೊದಲು ಕಂಡ ದಿನಾಂಕಕ್ಕೂ ಒಂದು ಅಂಕಣವಿರಲಿ. ಅದನ್ನು ತುಂಬುವ ಕೆಲಸಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಅರೆಕಾನೂನು ಸ್ವಯಂಸೇವಕರಿದ್ದಾರೆ, ಸೆರೆಮನೆಯ ಒಳಗೂ ಹೊರಗೂ ಹೋಗಿಬರುವ ಅಭ್ಯಾಸ ಅವರಿಗಿದೆ. ತಿಂಗಳಿಗೊಮ್ಮೆ ಆ ಅಂಕಣವನ್ನು ಜಿಲ್ಲಾ ನ್ಯಾಯಾಧೀಶರು ನೋಡುವಂತಾದರೆ, ಖಾಲಿ ಉಳಿದ ಸಾಲುಗಳಲ್ಲಿರುವ ಹೆಸರುಗಳನ್ನು ಹುಡುಕಿಕೊಂಡು ಹೋಗುವುದಕ್ಕೆ ಯಾರಿಗಾದರೂ ಆದೇಶ ಸಿಗುತ್ತದೆ. ಬಳ್ಳಾರಿಯಿಂದಲೇ ಇದನ್ನು ಆರಂಭಿಸಬಹುದು. ಅಲ್ಲಿ ಕೇಂದ್ರ ಕಾರಾಗೃಹವೂ ಇದೆ, ಹಳ್ಳಿಯ ವೈದ್ಯರಿಗೆ ಮನೋರೋಗದ ಔಷಧ ಬರೆಯಲು ಕಲಿಸಿದ ನಲವತ್ತು ವರ್ಷಗಳ ಅನುಭವವೂ ಇದೆ.